‘ಗುಜರಿ’ ಎಂದು ಬರೆದವರು ನಾವೇ

ಮಾನ್ಯ ದಿವಾಳಿ ಆಡಳಿತಾಧಿಕಾರಿಗಳೇ,

ಬರುವ ಸೋಮವಾರ ಬೆಳಿಗ್ಗೆ ಲಿಪೊವ್ನಾ ಲೇತ್ ಕಾರ್ಖಾನೆಯ ಹಿತ್ತಿಲಿನಿಂದ ನೀವು ಲಾರಿಗೆ ಹೇರಿಸಿ ಕುಲುಮೆಗೆ ಕಳಿಸಲಿರುವ ಕಬ್ಬಿಣ ಗುಜರಿಯಲ್ಲ. ಅದರ ಮೇಲೆ ಬಿಳಿ ಬಣ್ಣದಲ್ಲಿ ‘ಗುಜರಿ’ ಎಂದು ಬರೆದಿರುವುದು ನಿಜ. ಬರೆದವರು ನಾವೇ. ಬರೆದದ್ದು ಸುಳ್ಳು. ಆ ಸಾಲಿನಲ್ಲಿ ಬೇಲಿಯ ಪಕ್ಕಕ್ಕೆ ಕೊನೆಯದಾಗಿ ಮಲಗಿರುವ ಎರಕದ ಒಳಗೋಡೆಯಲ್ಲಿ ತೀರಿಕೊಂಡ ನನ್ನ ಗಂಡ ವೆಂದೆಲಿನ್‌ನ ಹೆಸರಿನ ಅಕ್ಷರಗಳಿವೆ. ಅದನ್ನು ಕರಗಿಸಬೇಡಿ ಎಂದು ಕೇಳುವುದಕ್ಕೆ ಈ ಪತ್ರ.

ಇದನ್ನು ಪತ್ರಿಕೆಗೆ ಕಳಿಸುವುದು ನನಗೆ ಇಷ್ಟವಿರಲಿಲ್ಲ. ನಾನು ಬರೆಯುವುದು ಸಂಜೆಯ ಹೊತ್ತು, ಅಡುಗೆಮನೆಯ ಮೇಜಿನ ಮೇಲೆ, ನನಗಾಗಿ. ಇವತ್ತು ಮಂಜು ಬಿತ್ತು, ಇವತ್ತು ಎಲೆಕೋಸಿನ ಸಾರು ಮಾಡಿದೆ, ವೆಂದೆಲಿನ್ ಇದ್ದಿದ್ದರೆ ಇನ್ನೊಂದು ತಟ್ಟೆ ಕೇಳುತ್ತಿದ್ದ, ಇಷ್ಟೇ. ನಾನು ಓದಿದ್ದು ಎಂಟನೆಯ ತರಗತಿಯವರೆಗೆ. ಆಮೇಲೆ ಕ್ರೇನು. ಎರಕದ ಮನೆಯ ಸೂರಿನಡಿ, ಗಾಜಿನ ಗೂಡಿನಲ್ಲಿ ಕುಳಿತು ನಲವತ್ತು ವರ್ಷ ಕಬ್ಬಿಣ ಎತ್ತಿದೆ, ಇಳಿಸಿದೆ. ದೊಡ್ಡವರಿಗೆ ಪತ್ರ ಬರೆದ ಅಭ್ಯಾಸವಿಲ್ಲ. ಆದರೂ ನಿಮ್ಮ ಕಚೇರಿಗೆ ಬರೆದೆ. ಉತ್ತರ ಬರಲಿಲ್ಲ. ಖುದ್ದಾಗಿ ಬಂದೆ. ನೀವು ಸಿಗಲಿಲ್ಲ, ನಿಮ್ಮ ಗುಮಾಸ್ತರು ಸಿಕ್ಕರು. ಅವರ ವಿಷಯ ಮುಂದೆ ಹೇಳುತ್ತೇನೆ.

ಲೋಹವನ್ನು ತಿರುಗಿಸಿ ಕೊರೆಯುವ ಲೇತಿನ ಪೀಠವನ್ನು ನೀವು ನೋಡಿದ್ದೀರೋ ಇಲ್ಲವೋ ಗೊತ್ತಿಲ್ಲ. ಯಂತ್ರದ ಉಳಿದದ್ದೆಲ್ಲ ಕೂರುವುದು ಅದರ ಮೇಲೆ. ಉದ್ದನೆಯ, ಭಾರದ ಎರಕ. ಅದು ಬಾಗಿದರೆ ಯಂತ್ರ ಕೊರೆದದ್ದೆಲ್ಲ ಬಾಗುತ್ತದೆ. ಹೊಸದಾಗಿ ಎರಕವಾದ ಪೀಠದ ಮೈಯಲ್ಲಿ ಬಿಗುವು ಇರುತ್ತದೆ. ಹೊರಗಿನಿಂದ ತಣ್ಣಗಾದರೂ ಒಳಗೆ ಎಲ್ಲವೂ ಒಂದನ್ನೊಂದು ಎಳೆಯುತ್ತಿರುತ್ತವೆ. ಹಾಗೇ ಕೊರೆದರೆ ವರ್ಷದೊಳಗೆ ತಿರುಚಿಕೊಳ್ಳುತ್ತದೆ. ಆದ್ದರಿಂದ ನಮ್ಮಲ್ಲಿ ಅದನ್ನು ಹಿತ್ತಿಲಲ್ಲಿ ಮಲಗಿಸುತ್ತಿದ್ದೆವು. ಎರಡು ಚಳಿಗಾಲ, ಎರಡು ಬೇಸಿಗೆ. ಹಿಮ ಬೀಳಲಿ, ಬಿಸಿಲು ಸುಡಲಿ, ತುಕ್ಕು ಹಿಡಿಯಲಿ. ಯಾರೂ ಮುಟ್ಟಬಾರದು. ಅದು ತನ್ನ ಪಾಡಿಗೆ ತಾನು ಸಡಿಲವಾಗಬೇಕು. ಹೊರಗಿನವರ ಕಣ್ಣಿಗೆ ಅದು ಹಾಳು ಬಿದ್ದ ಕಬ್ಬಿಣ. ನಮ್ಮ ಕಣ್ಣಿಗೆ ಇಡೀ ಕಾರ್ಖಾನೆಯಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಬೇರೆ ಇರಲಿಲ್ಲ.

ಹಾಗಾದರೆ ಬೆಲೆಯುಳ್ಳದ್ದರ ಮೇಲೆ ಗುಜರಿ ಎಂದು ಏಕೆ ಬರೆದಿರಿ? ನಿಮ್ಮ ಗುಮಾಸ್ತರ ಗೊಂದಲವೂ ಇದೇ. ಉತ್ತರ ಬೇಕಾದರೆ ಈ ಕಂಪನಿಯ ಮದುವೆಗಳ ಕತೆ ಕೇಳಬೇಕು.

ಹೌದು, ಮದುವೆಗಳು. ನಿಮ್ಮ ಕಡತಗಳಲ್ಲಿ ಅದಕ್ಕೆ ವಿಲೀನ ಎನ್ನುತ್ತಾರೆ. ಲಿಪೊವ್ನಾದಲ್ಲಿ ನಾವು ಮದುವೆ ಎಂದೇ ಕರೆದೆವು. ಮೊದಲು ಇದ್ದದ್ದು ಪ್ರೊಕೆಶ್ ಎಂಬ ಬೀಗ ಮಾಡುವವನ ಕೊಟ್ಟಿಗೆ. ಲೇತ್ ಕೊಳ್ಳಲು ಶಕ್ತಿಯಿಲ್ಲದೆ ತಾನೇ ಒಂದು ಮಾಡಿಕೊಂಡ. ಅದನ್ನು ನೋಡಿದ ನೆರೆಯವನು ತನಗೂ ಒಂದು ಬೇಕೆಂದ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅದು ಕಾರ್ಖಾನೆಯಾಗಿತ್ತು. ಅವನ ಮಗನ ಕಾಲದಲ್ಲಿ ವ್ಯಾಪಾರ ನೆಲ ಕಚ್ಚಿದಾಗ ಬ್ರನೊ ನಗರದ ಕಡೆಯ ಪಂಪು ತಯಾರಕರ ಜೊತೆ ಮೊದಲ ಮದುವೆ. ಆ ಹೆಣ್ಣು ಎರಕದ ಮನೆಯನ್ನು ಬಳುವಳಿಯಾಗಿ ತಂದಳು. ಎರಡನೆಯ ಯುದ್ಧವಾದ ಮೇಲೆ ಸರ್ಕಾರ ಎಲ್ಲವನ್ನೂ ತನ್ನದಾಗಿಸಿಕೊಂಡು, ಮಗ್ಗದ ಯಂತ್ರ ಮಾಡುವ ದೊಡ್ಡ ಸಂಸ್ಥೆಗೆ ನಮ್ಮನ್ನು ಕಟ್ಟಿಹಾಕಿತು. ಅದು ಹೆಣ್ಣು ಗಂಡು ಒಬ್ಬರನ್ನೊಬ್ಬರು ನೋಡದೆ ಆದ ಮದುವೆ. ಆಮೇಲೆ ದೇಶದ ಲೇತ್ ಕಾರ್ಖಾನೆಗಳನ್ನೆಲ್ಲ ಒಂದೇ ಸೂರಿನಡಿ ತಂದ ಒಟ್ಟು ಕುಟುಂಬ. ತೊಂಬತ್ತರ ದಶಕದಲ್ಲಿ ಆ ಕುಟುಂಬ ಒಡೆದು, ಪ್ರಾಗ್‌ನ ಯಾವುದೋ ಹೂಡಿಕೆ ನಿಧಿಯವರ ಪಾಲಾದೆವು. ಅವರು ಜರ್ಮನಿಯವರಿಗೆ ಕೊಟ್ಟರು. ಜರ್ಮನಿಯವರು ಇಟಲಿಯವರ ಜೊತೆ ಕೂಡಿಕೊಂಡರು. ಕೊನೆಗೆ ಅವರಿಬ್ಬರನ್ನೂ ನುಂಗಿದ ಒಂದು ಕಂಪನಿ ಇತ್ತು. ಅದರ ಕಚೇರಿ ಎಲ್ಲಿದೆ ಎಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಬಾಗಿಲ ಮೇಲಿನ ಫಲಕ ಅಷ್ಟು ಸಲ ಬದಲಾಗಿದೆಯೆಂದರೆ ಗೋಡೆಯ ಇಟ್ಟಿಗೆಯಲ್ಲಿ ಮೊಳೆ ಹೊಡೆಯಲು ಜಾಗ ಉಳಿದಿಲ್ಲ. ಊರಿನವರು ಮಾತ್ರ ಇವತ್ತಿಗೂ ‘ಪ್ರೊಕೆಶ್‌ಗೆ ಹೋಗ್ತಿದ್ದೆ’ ಎಂದೇ ಹೇಳುತ್ತಾರೆ.

ಪ್ರತಿ ಮದುವೆಗೂ ಮೊದಲು ಬೀಗರು ಮನೆ ನೋಡಲು ಬರುತ್ತಿದ್ದರು. ಏನಿದೆ, ಎಷ್ಟಿದೆ, ಯಾವುದನ್ನು ಸಾಗಿಸಬಹುದು ಎಂದು ನೋಡುವುದು ಅವರ ಕೆಲಸ. ಮಗ್ಗದವರು ಮೊದಲ ಸಲ ಬಂದು ಹಿತ್ತಿಲಲ್ಲಿ ಮಲಗಿದ್ದ ಪೀಠಗಳನ್ನೆಲ್ಲ ‘ಹೆಚ್ಚುವರಿ ದಾಸ್ತಾನು’ ಎಂದು ತಮ್ಮ ಇನ್ನೊಂದು ಕಾರ್ಖಾನೆಗೆ ಒಯ್ದರು. ನಮಗೆ ಉಳಿದದ್ದು ಇನ್ನೂ ಬಿಸಿ ಆರದ ಎರಕ. ಸರ್ಕಾರದ ಯೋಜನೆಯ ಗುರಿ ಮುಟ್ಟಲೇಬೇಕಿತ್ತು, ಅದನ್ನೇ ಕೊರೆದರು. ಮರುವರ್ಷ ಲೇತುಗಳು ಒಂದೊಂದಾಗಿ ವಾಪಸು ಬಂದವು. ಬೈಸಿಕೊಂಡವರು ಯಾರು? ಒಯ್ದವರಲ್ಲ. ಆ ಮೇಲೆ ಎರಡನೆಯ ಸಲ ಅವರು ಬರುತ್ತಾರೆಂದು ಸುದ್ದಿ ಬಂದಾಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಎರಕದ ಮನೆಯ ಮೇಸ್ತ್ರಿ ಶೆಬೆಸ್ತಾ ಒಂದು ಡಬ್ಬ ಬಿಳಿ ಬಣ್ಣ ತಂದು ನೆಲಕ್ಕಿಟ್ಟು ಕೇಳಿದ, “ಯಾರ ಕೈಬರಹ ಚೆನ್ನಾಗಿದೆ?”

ಎಲ್ಲರೂ ವೆಂದೆಲಿನ್‌ನನ್ನು ತೋರಿಸಿದರು. ಅವನು ಜೋಡಣೆ ವಿಭಾಗದ ಹುಡುಗ, ಪೀಠದ ಮೈಯನ್ನು ಉಳಿಯಿಂದ ಹೆರೆದು ಸಮ ಮಾಡುವವನು. ಆಗಿನ್ನೂ ನಾವು ಮದುವೆಯಾಗಿರಲಿಲ್ಲ.

“ಏನ್ ಬರೀಲಿ?” ಅಂದ.

“ಗುಜರಿ ಅಂತ ಬರಿ.”

“ಇಷ್ಟು ಒಳ್ಳೇ ಎರಕದ ಮೇಲಾ?”

“ಒಳ್ಳೇದಿದೆ ಅಂತಾನೇ ಬರಿ ಅಂದಿದ್ದು. ಕೆಟ್ಟದ್ರ ಮೇಲೆ ಬರ್ದು ಏನ್ ಪ್ರಯೋಜ್ನ?”

ಬೀಗರು ಬಂದರು. ಹಿತ್ತಿಲನ್ನು ಬೇಲಿಯ ಈಚೆಯಿಂದಲೇ ನೋಡಿ, ಓದಿ, ಹೋದರು. ನಾವು ತಂತಿಯ ಬ್ರಷ್ಷಿನಿಂದ ಬಣ್ಣ ಉಜ್ಜಿ ತೆಗೆದು ಪೀಠಗಳನ್ನು ಒಳಗೆ ತಂದೆವು. ಅಲ್ಲಿಂದ ಮುಂದೆ ಅದೇ ವಾಡಿಕೆಯಾಯಿತು. ಊರಿನ ಅಂಗಡಿಯಲ್ಲಿ ಯಾರಾದರೂ ಬಿಳಿ ಬಣ್ಣದ ಡಬ್ಬ ಕೊಂಡರೆ ಅಂಗಡಿಯವಳು ‘ಏನು, ಮತ್ತೆ ಮದ್ವೇನಾ?’ ಎಂದು ನಗುತ್ತಿದ್ದಳು. ಒಟ್ಟು ಕುಟುಂಬದವರು ಓದಿ ಹೋದರು, ಪ್ರಾಗ್‌ನವರು ಓದಿ ಹೋದರು, ಜರ್ಮನಿಯವರು ಓದಿಸಿಕೊಂಡು ಹೋದರು. ಒಬ್ಬರಾದರೂ ಬಾಗಿ ಮುಟ್ಟಲಿಲ್ಲ. ನಮ್ಮ ಕಾರ್ಖಾನೆ ಇಷ್ಟು ಮದುವೆಗಳನ್ನು ಬದುಕಿ ಉಳಿದದ್ದು ನಿಮ್ಮಂಥವರ ಅಕ್ಷರನಂಬಿಕೆಯಿಂದ. ಅದಕ್ಕಾಗಿ ನಿಮಗೆ ಋಣಿ ಎಂದು ಇವತ್ತಿನವರೆಗೂ ಅಂದುಕೊಂಡಿದ್ದೆ.

ಈಗ ಅಕ್ಷರಗಳ ವಿಷಯ. ಎರಕದ ಮನೆಯಲ್ಲಿ ಇನ್ನೊಂದು ವಾಡಿಕೆ ಇತ್ತು. ನಮ್ಮಲ್ಲಿ ಯಾರಾದರೂ ಸತ್ತರೆ, ನಿವೃತ್ತನಾದವನೇ ಆದರೂ ಸರಿ, ಮುಂದಿನ ಪೀಠದ ಮರಳಿನ ಅಚ್ಚಿನಲ್ಲಿ ಅವನ ಹೆಸರಿನ ಮೊದಲ ಅಕ್ಷರಗಳನ್ನು ಒತ್ತುತ್ತಿದ್ದರು. ಹೊರಗೆ ಅಲ್ಲ, ಒಳಗೋಡೆಯಲ್ಲಿ, ಕೊಂಡವನ ಕಣ್ಣಿಗೆ ಎಂದೂ ಬೀಳದ ಕಡೆ. ಕಬ್ಬಿಣ ಹರಿದು ಆ ಅಕ್ಷರಗಳಲ್ಲಿ ತುಂಬಿಕೊಳ್ಳುತ್ತಿತ್ತು. ಹಾಗೆ ನಮ್ಮವರು ಈಜಿಪ್ಟಿಗೆ ಹೋಗಿದ್ದಾರೆ, ಬ್ರೆಜಿಲಿಗೆ ಹೋಗಿದ್ದಾರೆ. ಬದುಕಿದ್ದಾಗ ಪಾಸ್‌ಪೋರ್ಟ್ ಸಿಗದವರು ಸತ್ತ ಮೇಲೆ ಸಮುದ್ರ ದಾಟಿದ್ದಾರೆ. ಸರ್ಕಾರದ ಕಾಲದಲ್ಲಿ ಇದು ಮೂಢನಂಬಿಕೆ ಎಂದು ನಿಲ್ಲಿಸಲು ಹೇಳಿದರು. ಜರ್ಮನಿಯ ಎಂಜಿನಿಯರು ಒಮ್ಮೆ ದೀಪ ಹಿಡಿದು ನೋಡಿ ಇದೇನೆಂದು ಕೇಳಿದಾಗ ಅಚ್ಚು ಮಾಡುವ ಲುಬೋರ್ ಮುಖ ಗಂಭೀರ ಮಾಡಿಕೊಂಡು, “ಗುಣಮಟ್ಟದ ಗುರುತು ಸಾರ್, ಪರೀಕ್ಷೆ ಮಾಡ್ದೋರ ಹೆಸ್ರು” ಅಂದ. ಎಂಜಿನಿಯರು ಮೆಚ್ಚಿ ತಲೆಯಾಡಿಸಿದರು.

ವೆಂದೆಲಿನ್ ಇದನ್ನು ಹೇಳಿ ಹೇಳಿ ನಗುತ್ತಿದ್ದ. ತನ್ನ ಸರದಿಯ ಬಗ್ಗೆಯೂ ತಮಾಷೆ ಮಾಡುತ್ತಿದ್ದ. “ನನ್ದು ಬಿಸಿಲಿರೋ ದೇಶಕ್ಕೆ ಹೋಗ್ಲಿ ಕಣೇ. ಆ ಜೋಡಣೆ ಮನೇಲಿ ನಿಂತು ನಿಂತು ಮಂಡಿ ಎಲ್ಲಾ ಶೀತ. ಫಿನ್ಲೆಂಡಿಗೆ ಗಿನ್ಲೆಂಡಿಗೆ ಕಳ್ಸಿದ್ರೆ ಎದ್ದು ವಾಪಸ್ ಬರ್ತೀನಿ.”

ಅವನು ಹೋದದ್ದು ಶರತ್ಕಾಲದಲ್ಲಿ, ಪ್ಲಮ್ ಹಣ್ಣು ಬೇಯಿಸುವ ದಿನ. ಅಂಗಳದಲ್ಲಿ ದೊಡ್ಡ ಹಂಡೆ ಇಟ್ಟಿದ್ದೆವು. ಕೈಬಿಡದೆ ತಿರುವುತ್ತಿರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ‘ಸ್ವಲ್ಪ ಹಿಡ್ಕೋ, ಕೂತ್ಕೋತೀನಿ’ ಅಂದ. ಸೌಟು ನನ್ನ ಕೈಗೆ ಕೊಟ್ಟು ಬೆಂಚಿನ ಮೇಲೆ ಕುಳಿತ. ನಾನು ತಿರುವುತ್ತಲೇ ಇದ್ದೆ, ಮಾತಾಡುತ್ತಲೇ ಇದ್ದೆ. ಅವನು ಉತ್ತರ ಕೊಡಲಿಲ್ಲ. ಇದಕ್ಕಿಂತ ಹೆಚ್ಚು ಪತ್ರಿಕೆಯಲ್ಲಿ ಬರೆಯಲಾರೆ.

ಅವನ ಪೀಠ ಎರಕವಾದದ್ದು ಅದೇ ಚಳಿಗಾಲ. ನಾನು ಪಿಂಚಣಿಗೆ ಬಂದಿದ್ದರೂ ಆ ಹಳೆಯ ಕ್ರೇನಿನ ಮರ್ಜಿ ಬೇರೆ ಯಾರಿಗೂ ಗೊತ್ತಿಲ್ಲವೆಂದು ಕೆಲಸಕ್ಕೆ ಕರೆಯುತ್ತಿದ್ದರು. ಮರಳು ಒಡೆದು ಎರಕವನ್ನು ಗುಂಡಿಯಿಂದ ಎತ್ತುವ ದಿನ ಲುಬೋರ್ ಕೆಳಗಿನಿಂದ ಕೂಗಿದ.

“ಕ್ವೇತಾ, ಬೇಡ ಅನ್ಸಿದ್ರೆ ಇಳಿದ್ ಬಾ. ನಾವು ಹೆಂಗೋ ಮಾಡ್ಕೋತೀವಿ.”

“ನಿಮ್ ‘ಹೆಂಗೋ’ ನಂಗೊತ್ತು. ಸರಪಳಿ ಸರಿಯಾಗ್ ಹಾಕು.”

“ಹಾಕಿದೀನಿ ಮಾರಾಯ್ತಿ.”

“ಎಡಗಡೇದು ಇನ್ನೂ ಒಳಗೆ ತಳ್ಳು. ಅವ್ನು ಭಾರ.”

ಕೆಳಗೆ ಯಾರೋ ನಕ್ಕರು. ಲುಬೋರ್ ಕೈ ಎತ್ತಿದ. ನಾನು ಎತ್ತಿದೆ. ಪೀಠ ಮರಳು ಸುರಿಸುತ್ತ ಮೇಲೆ ಬಂತು, ನಿಧಾನವಾಗಿ ತಿರುಗಿತು. ಒಳಗೋಡೆ ನನ್ನ ಕಡೆಗೆ ಬಂದಾಗ ಮೇಲಿನಿಂದ ಓದಿದೆ: ವೆ. ಹ್ರು. ಜೋಡಣೆಯ ಇಡೀ ವಿಭಾಗ ಟೋಪಿ ತೆಗೆದು ನಿಂತಿತ್ತು. ಅವನ ಬೂದಿ ಸ್ಮಶಾನದ ಗೋಡೆಯಲ್ಲಿದೆ, ಭಾನುವಾರ ಹೂ ಇಡುತ್ತೇನೆ. ಆದರೆ ಅವನು ಎಲ್ಲಿಗೆ ಹೋಗಬೇಕೆಂದು ಕೇಳಿದ್ದನೋ ಅಲ್ಲಿಗೆ ಹೋಗುವ ದಾರಿ ಆ ಗೋಡೆಯಲ್ಲಿಲ್ಲ. ಆ ಪೀಠವನ್ನು ಹಿತ್ತಿಲಿಗೆ ಒಯ್ದು ಸಾಲಿನ ಕೊನೆಯಲ್ಲಿ ಇಳಿಸಿದೆವು. ಎರಡು ಚಳಿಗಾಲ ಮಲಗಲಿ ಎಂದು ಬಿಟ್ಟೆವು. ಎರಕದ ಮನೆ ಮುಚ್ಚುವ ಮೊದಲು ತೆಗೆದ ಕೊನೆಯ ದೊಡ್ಡ ಎರಕ ಅದೇ ಆಯಿತು.

ಆಮೇಲೆ ಕಾರ್ಖಾನೆಯೇ ಮುಚ್ಚಿತು. ನೀವು ಬಂದಿರಿ. ಕಳೆದ ತಿಂಗಳು ನಿಮ್ಮ ನೋಟೀಸು ಗೇಟಿಗೆ ಅಂಟಿತು: ಹಿತ್ತಿಲಿನ ಗುಜರಿಯೆಲ್ಲ ಒಂದೇ ಗಂಟಾಗಿ ಮಾರಾಟವಾಗಿದೆ. ನಾನು ಬೇಲಿಯ ಸುತ್ತ ನಡೆದು ಆ ಕೊನೆಗೆ ಹೋಗಿ ನೋಡಿದೆ. ಎರಕದ ಪಕ್ಕೆಯ ಮೇಲೆ ಉದ್ದಕ್ಕೂ ಬಿಳಿ ಬಣ್ಣದಲ್ಲಿ ಆ ಪದ. ಅವನ ಮೈ ಮೇಲೆಯೇ ಬರೆದಂತಾಯಿತು. ನಮ್ಮವರು ಅವನದರ ಮೇಲೆ ಬರೆಯಲಾರರು, ಯಾರೋ ಹೊರಗಿನವರೇ ಬರೆದರೆಂದು ಮೂರು ದಿನ ಉಣ್ಣಲಿಲ್ಲ. ನಾಲ್ಕನೆಯ ದಿನ ಲುಬೋರ್ ಬಂದು ಅಡುಗೆಮನೆಯ ಬಾಗಿಲಲ್ಲೇ ನಿಂತ.

“ಒಲೆ ಮೇಲಿರೋದನ್ನ ಮೊದ್ಲು ಇಳಿಸು ಕ್ವೇತಾ. ನನ್ ಮೇಲೆ ಎರಚ್ತೀಯ.”

“ಏನ್ ಮಾಡ್ಕೊಂಡ್ ಬಂದಿದೀಯ?”

“ಅದು ನಾನ್ ಬರ್ದಿದ್ದು.”

ನಾನು ಪಾತ್ರೆಯನ್ನು ಒಲೆಯಿಂದ ಇಳಿಸಿದೆ.

“ಆ ಕೊನೇ ಬೀಗ್ರು ಬರ್ತಾರೆ ಅಂದಾಗ. ಎಲ್ಲಾದ್ರ ಮೇಲೂ ಬರ್ದೆ. ಅವ್ನದ್ರ ಮೇಲೆ ಬರೀದೆ ಬಿಟ್ರೆ ಅದೊಂದೇ ಒಳ್ಳೇದು ಅಂತ ಎತ್ಕೊಂಡ್ ಹೋಗ್ತಿದ್ರು. ಉಳಿಸ್ಬೇಕು ಅಂತಾನೇ ಬರ್ದೆ ಕಣೇ. ಆಮೇಲೆ ಉಜ್ಜಿ ತೆಗ್ಯೋಣ ಅಂದ್ರೆ ಗೇಟಿಗೆ ಬೀಗ.”

“ನಿನ್ ಕೈಬರಹ ಅಂತ ಗೊತ್ತಾಗ್ಬೇಕಿತ್ತು ನಂಗೆ,” ಅಂದೆ. “ಅವ್ನು ಬರ್ದಿದ್ರೆ ನೆಟ್ಟಗಿರ್ತಿತ್ತು.”

“ಅವ್ನಿದ್ದಿದ್ರೆ ನನ್ ಕೈಗೆ ಯಾರು ಬ್ರಷ್ ಕೊಡ್ತಿದ್ರು?” ಎಂದು ಕುರ್ಚಿಯ ಮೇಲೆ ಕುಸಿದು ಕುಳಿತ. ಅಷ್ಟು ದೊಡ್ಡ ಗಂಡಸು ಟೋಪಿಯಿಂದ ಮುಖ ಮುಚ್ಚಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಸಾರು ಬಡಿಸಿದೆ. ಇಬ್ಬರೂ ಉಂಡೆವು. ಮರುದಿನ ನಿಮ್ಮ ಕಚೇರಿಗೆ ಪತ್ರ ಬರೆದೆ, ಉತ್ತರ ಬಾರದಿದ್ದಾಗ ಇಬ್ಬರೂ ಹೊರಟೆವು.

ನಿಮ್ಮ ಗುಮಾಸ್ತರು ಸಭ್ಯರು. ಕುರ್ಚಿ ಕೊಟ್ಟರು. ಹಿತ್ತಿಲಿನ ಆ ಪೀಠದ ಚಿತ್ರ ತೋರಿಸಿದರು.

“ಅಮ್ಮಾ, ಇದ್ರ ಮೇಲೆ ಏನ್ ಬರ್ದಿದೆ?”

“ಗುಜರಿ ಅಂತ.”

“ಬರ್ದೋರು?”

“ನಾವೇ.”

“ಅಂದ್ರೆ ನೀವು ಆಗ ಸುಳ್ಳು ಹೇಳಿದ್ರಾ, ಈಗ ಹೇಳ್ತಿದೀರಾ?”

“ಆಗ.”

“ಆಗ ಸುಳ್ಳು ಹೇಳ್ದೋರು ಈಗ ನಿಜ ಹೇಳ್ತಿದೀರಿ ಅಂತ ನಾನ್ ಹೆಂಗೆ ನಂಬ್ಲಿ?”

ಲುಬೋರ್ ಮುಂದೆ ಬಾಗಿದ. “ನಂಬ್ಬೇಡಿ ಸಾರ್. ಬಂದು ಮುಟ್ಟಿ ನೋಡಿ. ಒಳಗೆ ಕೈ ಹಾಕಿ, ಅಕ್ಷರ ಸಿಗುತ್ತೆ.”

“ಮುಟ್ಟೋದು ನನ್ ಕೆಲ್ಸ ಅಲ್ಲ,” ಎಂದರು. ಗುಜರಿಯ ಬೆಲೆಗೇ ಆ ಒಂದು ಪೀಠವನ್ನು ನಮಗೆ ಕೊಡಿ ಎಂದು ಕೇಳಿದೆವು. ಮಾರಾಟವಾದ ಗಂಟನ್ನು ಬಿಚ್ಚಲಾಗದು ಎಂದರು. ಕೊಂಡ ಗುಜರಿಯವನನ್ನೇ ಕಂಡೆವು. ಅವನು ಒಳ್ಳೆಯ ಮನುಷ್ಯ. ‘ನಂಗೇನೂ ತಕರಾರಿಲ್ಲ ತಾಯಿ, ಸಾಹೇಬ್ರು ಒಂದ್ ಮಾತು ಹೇಳಿದ್ರೆ ಅದನ್ನ ಅಲ್ಲೇ ಬಿಟ್ಟು ಹೋಗ್ತೀನಿ. ಅವ್ರು ಹೇಳ್ದೆ ಬಿಟ್ರೆ ನಾನ್ ಕಳ್ಳ ಆಗ್ತೀನಿ’ ಅಂದ. ಅಂದರೆ ಎಲ್ಲವೂ ನಿಂತಿರುವುದು ನಿಮ್ಮ ಒಂದು ಮಾತಿನ ಮೇಲೆ.

ಮಾನ್ಯರೇ, ನಿಮ್ಮ ಗುಮಾಸ್ತರ ಪ್ರಶ್ನೆ ನನ್ನ ತಲೆಯಲ್ಲಿ ಇನ್ನೂ ತಿರುಗುತ್ತಿದೆ. ಸುಳ್ಳು ಹೇಳಿದವರನ್ನು ನಂಬಬಾರದು ಎಂಬುದು ಕಚೇರಿಯ ನಿಯಮವಾದರೆ, ಪ್ರತಿ ಮದುವೆಯ ದಿನ ನಮ್ಮನ್ನು ಊಟದ ಮನೆಯಲ್ಲಿ ಕೂಡಿಸಿ ‘ನಿಮ್ಮ ನಾಳೆ ಭದ್ರವಾಗಿದೆ’ ಎಂದು ಓದಿ ಹೇಳಿದವರನ್ನು ಯಾವ ಕಚೇರಿ ಪ್ರಶ್ನಿಸಿತು? ಆ ಕಾಗದಗಳಿಗೆ ಮುದ್ರೆ ಇತ್ತು, ರುಜು ಇತ್ತು, ಸಾಕ್ಷಿ ಇತ್ತು. ನಮ್ಮದು ಡಬ್ಬದ ಬಣ್ಣ. ಅವರ ಮಾತನ್ನು ನಾವು ನಂಬಿದೆವು, ಕಾರ್ಖಾನೆ ಹೋಯಿತು. ನಮ್ಮ ಬಣ್ಣವನ್ನು ನೀವು ನಂಬುತ್ತಿದ್ದೀರಿ, ಉಳಿದ ಎರಕವೂ ಹೋಗಲಿದೆ. ಒಂದು ಸುಳ್ಳನ್ನು ಇಷ್ಟು ಶ್ರದ್ಧೆಯಿಂದ ಕಾಪಾಡುವ ಕಾನೂನು, ಅದನ್ನು ಹೇಳಿದವರೇ ಬಂದು ಸುಳ್ಳು ಎಂದರೆ ಕಿವಿ ಮುಚ್ಚಿಕೊಳ್ಳುವುದೇಕೆ? ನಮಗೆ ಶಿಕ್ಷೆಯಾಗಬೇಕಿದ್ದರೆ ಆಗಲಿ. ಬೀಗರನ್ನು ಮೋಸಗೊಳಿಸಿದ್ದಕ್ಕೆ ಕರೆಸಿ, ಬರುತ್ತೇವೆ. ಮೇಸ್ತ್ರಿ ಶೆಬೆಸ್ತಾ ಬರಲಾರ, ಅವನ ಅಕ್ಷರಗಳು ಯಾವುದೋ ಹಡಗುಕಟ್ಟೆಯಲ್ಲಿ ದುಡಿಯುತ್ತಿವೆ. ಆದರೆ ಕಬ್ಬಿಣವೇನು ಸುಳ್ಳು ಹೇಳಿತು?

ಆ ಪೀಠದ ಎರಡು ಚಳಿಗಾಲ ಈ ಮಾರ್ಚಿಗೆ ಮುಗಿದವು. ಈಗ ಅದು ಸಿದ್ಧ. ಲುಬೋರ್ ಮತ್ತು ಇನ್ನು ಕೆಲವು ಹಳಬರು ಅಗ್ನಿಶಾಮಕ ದಳದ ಹಳೆಯ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಒಂದು ಲೇತ್, ಒಂದೇ ಒಂದು, ಪೂರ್ತಿ ಮಾಡುತ್ತಾರೆ. ಹೆರೆಯುವ ಕೆಲಸವನ್ನು ವೆಂದೆಲಿನ್‌ನ ಉಳಿಯಿಂದಲೇ ಮಾಡುತ್ತೇವೆಂದು ಕೇಳಿ ಒಯ್ದಿದ್ದಾರೆ. ಯಾರು ಕೊಳ್ಳುತ್ತಾರೋ ಗೊತ್ತಿಲ್ಲ. ಬಿಸಿಲಿರುವ ದೇಶದವರಾಗಲಿ ಎಂದು ನನ್ನ ಆಸೆ.

ಉಳಿದ ಪೀಠಗಳನ್ನೂ ಉಳಿಸಿ ಎಂದು ಕೇಳುವುದು ನ್ಯಾಯ. ಕೇಳುತ್ತೇನೆ ಕೂಡ. ಅವುಗಳನ್ನು ಎಲ್ಲಿಡುವುದೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ಕೊನೆಯದನ್ನು ಬಿಡಲಾರೆ. ನನ್ನ ಒತ್ತಾಯ ಇಷ್ಟು: ಸೋಮವಾರಕ್ಕೆ ಮೊದಲು ನೀವೇ, ಗುಮಾಸ್ತರಲ್ಲ, ಹಿತ್ತಿಲಿಗೆ ಬನ್ನಿ. ತಂತಿಯ ಬ್ರಷ್ ನಾನು ತರುತ್ತೇನೆ. ಬಣ್ಣ ಉಜ್ಜಿ ನೋಡಿ, ಒಳಗೆ ಕೈ ಹಾಕಿ ಅಕ್ಷರ ತಡವಿ, ಆಮೇಲೆ ಆ ಗುಜರಿಯವನಿಗೆ ಒಂದು ಮಾತು ಹೇಳಿ.

ನೀವು ಬಾರದಿದ್ದರೆ ಏನಾಗುತ್ತದೆಂದೂ ಹೇಳಿಬಿಡುತ್ತೇನೆ, ಆಮೇಲೆ ತಿಳಿಸಲಿಲ್ಲ ಎನ್ನಬೇಡಿ. ಕ್ರೇನಿನ ಕೆಲಸದಲ್ಲಿ ಎತ್ತು ಎನ್ನುವ ಸನ್ನೆಯನ್ನು ಒಬ್ಬನೇ ಕೊಡಬೇಕು, ಅದಕ್ಕೆ ನೇಮಕವಾದವನು. ಆದರೆ ನಿಲ್ಲಿಸು ಎನ್ನುವ ಸನ್ನೆಯನ್ನು ಯಾರು ಬೇಕಾದರೂ ಕೊಡಬಹುದು. ಕಸ ಗುಡಿಸುವವರು ಕೊಡಬಹುದು, ದಾರಿಯಲ್ಲಿ ಹೋಗುವ ಮುದುಕಿಯೂ ಕೊಡಬಹುದು. ಎರಡೂ ತೋಳುಗಳನ್ನು ಅಗಲವಾಗಿ ಚಾಚಿ ನಿಂತರೆ ಸಾಕು. ಮೇಲೆ ಕುಳಿತವರು ಏಕೆಂದು ಕೇಳುವಂತಿಲ್ಲ, ನಿಲ್ಲಿಸಲೇಬೇಕು. ನಾನು ನಲವತ್ತು ವರ್ಷ ಹಾಗೆ ನಿಲ್ಲಿಸಿದ್ದೇನೆ. ಇಷ್ಟು ಮದುವೆಗಳಾದರೂ ಆ ನಿಯಮವನ್ನು ಯಾವ ಬೀಗರೂ ತಿದ್ದಿಲ್ಲ.

ಸೋಮವಾರ ಬೆಳಿಗ್ಗೆ ಲಾರಿ ಬರುವ ಹೊತ್ತಿಗೆ ನಾನು ಬೇಲಿಯ ಪಕ್ಕದ ಆ ಎರಕದ ಮುಂದೆ ಇರುತ್ತೇನೆ.

ಇಂತಿ,
ಎರಡೂ ತೋಳು ಚಾಚಿ ನಿಲ್ಲಲಿರುವ
ಕ್ವೆತೊಸ್ಲಾವಾ ಹ್ರುಬೆಶೊವಾ
ಕ್ರೇನ್ ಚಾಲಕಿ, ಪ್ರೊಕೆಶ್
(ಈಗಿನ ಹೆಸರು ಏನೆಂದು ನಿಮಗೇ ಗೊತ್ತು)